ಅಪ್ಪನ ಮದರ್‌ಬೋರ್ಡಿಗೆ ಒಗ್ಗದ ಪಟ್ಟಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ಮದರ್‌ಬೋರ್ಡಿನದಲ್ಲ, ಎಸ್‌ಎಸ್‌ಡಿಯದೂ ಅಲ್ಲ, ಮಲಾಡಿನ ಹಸ್ಮುಖ್‌ಭಾಯ್ ಅವರದಂತೂ ಅಲ್ಲವೇ ಅಲ್ಲ. ತಪ್ಪು ನನ್ನದು. ಅದೂ ಎಂಥ ತಪ್ಪು! ನಾನು ಮಾಡದೇ ಇದ್ದ ಒಂದು ಮಿಮಿಕ್ರಿಗೆ ಅಪ್ಪ ನನ್ನನ್ನು ಹೊಗಳಿದ. ನಾನು ಆ ಹೊಗಳಿಕೆಯನ್ನು ಇಟ್ಟುಕೊಂಡುಬಿಟ್ಟೆ. ಮಳೆಯಲ್ಲಿ ಯಾರದೋ ಕೊಡೆ ತಂದವರು ಹಿಂದಿರುಗಿಸುವುದನ್ನು ಮರೆತು ಮನೆಯಲ್ಲೇ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಆ ಒಂದು ಆಸೆಬುರುಕತನದಿಂದ ನಮ್ಮಕ್ಕನ ಲಗ್ನಪತ್ರಿಕೆಯೇ ಆಗದೆ ಹೋಗುವುದರಲ್ಲಿತ್ತು.

ಮೊನ್ನೆ ನೇಲ್‌ಕಟರ್ ಹುಡುಕುತ್ತ ಡ್ರಾಯರ್ ಕೆದರುವಾಗ ಆ ಎಸ್‌ಎಸ್‌ಡಿ ಪಟ್ಟಿ ಕೈಗೆ ಬಂತು. ನೀವು ನೋಡಿಲ್ಲವಾದರೆ ಹೇಳುತ್ತೇನೆ: ಚೂಯಿಂಗ್ ಗಮ್ಮಿನ ಪಟ್ಟಿಯಂಥ ಆಕಾರ, ಹಸಿರು ಮೈ, ಮೈಮೇಲೆ ಕರಿಯ ಚೌಕಗಳು, ಒಂದು ತುದಿಗೆ ಬಂಗಾರದ ಬಣ್ಣದ ಹಲ್ಲುಗಳು. ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಗಿರಗಿರ ತಿರುಗುವ ಹಾರ್ಡ್ ಡಿಸ್ಕ್ ಇರುತ್ತದಲ್ಲ, ಅದರ ಜಾಗಕ್ಕೆ ಬರುವ ಹೊಸ ಸಾಮಾನು. ತಿರುಗುವುದಿಲ್ಲ, ಸದ್ದು ಮಾಡುವುದಿಲ್ಲ. ಮಲಗಿದ ಕಂಪ್ಯೂಟರನ್ನು ಗದರಿಸಿ ಎಬ್ಬಿಸಿದ ಹಾಗೆ ಎಬ್ಬಿಸುತ್ತದೆ. ಊರವರ ಕಂಪ್ಯೂಟರನ್ನೆಲ್ಲ ಎಬ್ಬಿಸುತ್ತದೆ, ನಮ್ಮಪ್ಪನದೊಂದನ್ನು ಬಿಟ್ಟು.

ನಮ್ಮಪ್ಪ ಮುಂಬಯಿಯ ಭಾಂಡುಪಿನ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಕೂತು ಕನ್ನಡ ಲಗ್ನಪತ್ರಿಕೆ ಮಾಡುತ್ತಾನೆ, ಯಾರಾದರೂ ತೀರಿಕೊಂಡರೆ ಅದರ ಪತ್ರವನ್ನೂ. ಧಾರವಾಡದ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಬಂದು ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು. ಪ್ರೆಸ್ಸು ಮುಚ್ಚಿತು, ಕಂಪ್ಯೂಟರ್ ಬಂತು, ಅಪ್ಪ ಮೂಲೆ ಹಿಡಿದ. ಮುಂಬಯಿಯ ಕನ್ನಡದವರ ಮದುವೆಗಳಲ್ಲಿ ಇಂಗ್ಲಿಷ್ ಕಾರ್ಡು ಎಲ್ಲರಿಗೂ, ಕನ್ನಡ ಕಾರ್ಡಿನ ಒಂದು ಸಣ್ಣ ಕಟ್ಟು ಊರಿನ ಹಿರಿಯರಿಗೆ. ಅದರಲ್ಲಿ ಮೊದಲನೆಯದು, ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿದ್ದು, ದೇವರ ಮುಂದೆ. ದೇವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ನಮ್ಮವರಿಗೆ ಅದು ಹೇಗೋ ಗೊತ್ತು. ಆ ನಂಬಿಕೆಯ ಮೇಲೆ ನಮ್ಮ ಮನೆಯ ರೊಟ್ಟಿ ಬೆಂದಿದೆ.

ಅಕ್ಕನೂ ನಾನೂ ಇಂಗ್ಲಿಷ್ ಮೀಡಿಯಮ್ಮಿನ ಕೂಸುಗಳು. ಕನ್ನಡ ಕಲಿತದ್ದು ಅಪ್ಪನ ಮೇಜಿನ ಕೆಳಗೆ, ಹಾಳಾದ ಪ್ರೂಫುಗಳ ಮೇಲೆ ಕೂತು. ಬೇರೆ ಮಕ್ಕಳು ಅರಸ, ಆಟ, ಆನೆ ಎಂದು ಶುರು ಮಾಡಿದರೆ ನಾವು ಶುರು ಮಾಡಿದ್ದು 'ಸುಖಾಗಮನಾಭಿಲಾಷಿಗಳು' ಎಂಬಲ್ಲಿಂದ. ಆದ್ದರಿಂದ ನಮ್ಮ ಕನ್ನಡ ಬಹಳ ಕಾಲ ಒಂದೋ ಮದುವೆಮನೆಯದು, ಇಲ್ಲವೇ ಸಾವಿನ ಮನೆಯದು. ನಡುವಿನದು ನಮಗೆ ಬರುತ್ತಿರಲಿಲ್ಲ. ಪಕ್ಕದ ಬಿಲ್ಡಿಂಗಿನ ಬೆಳಗಾವಿಯ ಹುಡುಗನನ್ನು ಕ್ರಿಕೆಟ್ಟಿಗೆ ಕರೆಯಲು ಹೋಗಿ, ಅವನ ಅಜ್ಜಿ ಬಾಗಿಲು ತೆರೆದಾಗ, ಕನ್ನಡದಲ್ಲೇ ಮಾತಾಡಬೇಕೆಂಬ ಭಕ್ತಿಯಿಂದ, "ತಾವು ಸಹಕುಟುಂಬ ಸಹಪರಿವಾರ ಸಮೇತರಾಗಿ ಆಗಮಿಸಿ" ಎಂದಿದ್ದೆ. ಆ ಅಜ್ಜಿ ಸೆರಗು ಸರಿಮಾಡಿಕೊಂಡು, "ಯಾವಾಗಪಾ? ಎಲ್ಲಿ?" ಎಂದು ಕೇಳಿದಳು. ಇನ್ನೊಮ್ಮೆ ಕಿಚನ್ನಿನ ಬಲ್ಬು ಹೋದಾಗ ಅಕ್ಕ ಅಳುಮುಖ ಮಾಡಿಕೊಂಡು ಬಂದು, "ಅವ್ವಾ, ಬಲ್ಬು ಶಿವೈಕ್ಯ ಆತು" ಎಂದಳು. ಅವ್ವ ಇವತ್ತಿಗೂ ಅದನ್ನು ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಿ, "ಬುದ್ಧಿ ಎಲ್ಲಾ ಅವರಪ್ಪಂದ" ಎಂದು ಸೇರಿಸುತ್ತಾಳೆ.

ಅಪ್ಪನ ಕಂಪ್ಯೂಟರಿನಲ್ಲಿರುವ ಅಕ್ಷರಗಳು ಬೇರೆಲ್ಲೂ ಇಲ್ಲ. ಪ್ರೆಸ್ಸಿನ ಸೀಸದ ಮೊಳೆಗಳು ಹೇಗಿದ್ದವೋ ಹಾಗೇ ಇರಬೇಕೆಂದು, ನೆನಪಿನಿಂದ ರೂಪ ತೆಗೆದು, ಸಾಫ್ಟ್‌ವೇರಿನೊಳಗಿನ ಅಕ್ಷರಗಳನ್ನು ಒಂದೊಂದಾಗಿ ತಾನೇ ತಿದ್ದಿದವು. ಎಷ್ಟು ಹುಚ್ಚೆಂದರೆ, ಅಕ್ಕನಿಗೆ ಅಶ್ವಿನಿ ಎಂದು ಹೆಸರಿಟ್ಟದ್ದೇ ಪ್ರೆಸ್ಸಿನ 'ಶ್ವಿ' ಅಷ್ಟು ಚೆಂದ ಇತ್ತೆಂದು. ಮುಂದೆ ಎಂದೋ ಒಂದು ದಿನ ಕಾರ್ಡಿನ ಮೇಲೆ ಬರುತ್ತದಲ್ಲ, ಆಗ ನೋಡಲು ಹೇಗಿರುತ್ತದೆಂದು ತೊಟ್ಟಿಲ ಹೊತ್ತಿಗೇ ಯೋಚಿಸಿದ್ದನಂತೆ. ನನಗೆ ಸಂತೋಷ ಅಂತ ಯಾಕಿಟ್ಟಿ ಎಂದು ನಾನೂ ಒಮ್ಮೆ ಆಸೆಯಿಂದ ಕೇಳಿದೆ. "ನಿನ್ನ ಹೊತ್ತಿಗೆ ಕಂಪ್ಯೂಟರ್ ಬಂದಿತ್ತಪಾ, ಯಾವ ಹೆಸರಾದ್ರೂ ನಡೀತಿತ್ತು" ಎಂದ.

ಆ ಸಾಫ್ಟ್‌ವೇರಿಗೆ ಒಂದು ಬೀಗವಿದೆ. ಬೆಂಕಿಪೊಟ್ಟಣದಂಥದ್ದು. ಹಳೆಯ ಕಾಲದ ಪ್ರಿಂಟರಿನ ವೈರು ಸಿಕ್ಕಿಸುವ ಅಗಲ ಬಾಯಿ ಕಂಪ್ಯೂಟರಿನ ಬೆನ್ನಿಗೆ ಇರುತ್ತಿತ್ತಲ್ಲ, ಅಲ್ಲಿ ಅದನ್ನು ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರು ತೆರೆಯುತ್ತದೆ. ಈಗಿನ ಕಂಪ್ಯೂಟರುಗಳಿಗೆ ಆ ಬಾಯಿಯೇ ಇಲ್ಲ. ನಡುವೆ ಒಮ್ಮೆ ಬೋರ್ಡು ಸುಟ್ಟಾಗಲೂ ಆ ಬಾಯಿ ಇರುವ ಬೋರ್ಡನ್ನೇ ಹುಡುಕಿ ತಂದು ಹಾಕಿಸಿದ್ದ. ಅಕ್ಷರಗಳದೊಂದು ಪ್ರತಿ ಪೆನ್ ಡ್ರೈವಿನಲ್ಲಿ ಇತ್ತು, ನಿಜ. ಕಾಲೇಜಿನಲ್ಲಿದ್ದಾಗ ನಾನು ಅದರಲ್ಲಿ ಸಿನಿಮಾ ತುಂಬಿಸಿದೆ. ಜಾಗ ಸಾಲಲಿಲ್ಲವೆಂದು ಏನನ್ನೋ ಅಳಿಸಿದ ನೆನಪು.

ಹೀಗಿರುವಾಗ ಅಕ್ಕನ ಮದುವೆ ಗೊತ್ತಾಯಿತು. ಹುಡುಗ ಮಲಾಡಿನವನು, ಮೂಲ ವಿಜಯಪುರದ ಕಡೆಯವರು. ಅದೇ ವಾರ ಕಂಪ್ಯೂಟರಿನ ಡಿಸ್ಕು ಖಟ್ ಖಟ್ ಎನ್ನಲು ಶುರುಮಾಡಿತು. ಮೊದಲಾದರೆ ಸ್ವಿಚ್ಚು ಒತ್ತಿ, ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಬರುವ ಹೊತ್ತಿಗೆ ಏಳುತ್ತಿದ್ದ ಕಂಪ್ಯೂಟರು ಈಗ ನಾಷ್ಟಾ ಮುಗಿದರೂ ಏಳುತ್ತಿರಲಿಲ್ಲ.

"ಮಂದಿ ಮಕ್ಕಳ ಕಾರ್ಡ್ ಎಲ್ಲಾ ಮಾಡಿದ್ರಿ," ಎಂದಳು ಅವ್ವ. "ನಮ್ಮ ಹುಡುಗಿ ಹೊತ್ತಿಗೆ ಅದಕ್ಕ ಕೆಮ್ಮು ಹತ್ತಿತು ನೋಡ್ರಿ."

ಫೋರ್ಟಿನ ಬ್ಯಾಂಕಿಗೆ ಹೊರಟು ನಿಂತಿದ್ದ ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತ ಅಂದಳು: "ಅಪ್ಪಾ, ಆಜ್‌ಕಲ್ ಕಾರ್ಡ್ ಯಾರ್ ಓದ್ತಾರ? ವಾಟ್ಸಾಪ್‌ದಾಗ ಹಾಕಿಬಿಡೂಣು, ಬಸ್. ಟೆನ್ಶನ್ ಯಾಕ?"

ಅಪ್ಪ ಆರಿಹೋಗಿದ್ದ ಚಹಾವನ್ನು ಬಿಸಿ ಇದೆ ಎಂಬಂತೆ ಊದಿ ಊದಿ ಕುಡಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಎಸ್‌ಎಸ್‌ಡಿ ಹಾಕೂಣು. ಇದ್ದದ್ದೆಲ್ಲಾ ಅದಕ್ಕ ಕಾಪಿ ಮಾಡಿದ್ರ ಮುಗೀತು. ಅಕ್ಷರಾನೂ ಇರ್ತಾವು, ಬೀಗಾನೂ ನಡೀತೈತಿ."

"ನಮ್ಮ ಬೋರ್ಡಿಗೆ ಅದು ಒಗ್ಗತೈತೇನು? ನೋಡಿದಿ?"

"ನೋಡ್ತೀನಿ."

ನೋಡಿದ ರೀತಿ ಹೇಳುತ್ತೇನೆ, ನಗಬೇಡಿ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಟಾರ್ಚು ಬಿಟ್ಟೆ. ಧೂಳಿನ ಅಡಿಯಲ್ಲಿ, ಬೋರ್ಡಿನ ಮೇಲೆ, ಪಟ್ಟಿ ಕೂರುವಂಥ ಒಂದು ಸಣ್ಣ ಸಂದು ಕಂಡಿತು. ಸರಿ, ಬೋರ್ಡಿನ ಮೇಲೆ ಅದರ ಹೆಸರು, ನಂಬರು ಬರೆದಿರುತ್ತದೆ. ಅದನ್ನು ಹಿಡಿದು ಕಂಪನಿಯ ಪುಟದಲ್ಲಿ ಯಾವ ಜಾತಿಯ ಪಟ್ಟಿ ನಡೆಯುತ್ತದೆಂದು ಓದಿ ತಿಳಿಯಬೇಕು. ಇದು ತಿಳಿದವರ ದಾರಿ. ನಾನು ಲಗ್ನಪತ್ರಿಕೆಯ ಮನೆಯವನು. ಹಾಳಾದ ಕಾರ್ಡೊಂದರ ಅಂಚು ಕತ್ತರಿಸಿ, ಆ ಸಂದಿನಲ್ಲಿ ತುರುಕಿ, ತಿರುಪು ಹಾಕುವ ತೂತಿನವರೆಗೆ ಅಳತೆ ತೆಗೆದೆ. ಕಾರ್ಡು ಚೆಂದಾಗಿ ಕೂತಿತು. ಕಾರ್ಡು ಕೂತಿತೆಂದರೆ ಎಸ್‌ಎಸ್‌ಡಿ ಕೂರುತ್ತದೆ ಎಂದು ಲೆಕ್ಕ. ಮರುದಿನ ಆ ಚೂರನ್ನೇ ಕಿಸೆಯಲ್ಲಿಟ್ಟುಕೊಂಡು ಹೋದೆ.

ನನ್ನ ಕೆಲಸ ಮಲಾಡಿನ ಒಂದು ಕಾಲ್ ಸೆಂಟರಿನಲ್ಲಿ. ಗೊತ್ತಿಲ್ಲದ ದೇಶದವರ ಜೊತೆ ಅವರದೇ ಧಾಟಿಯಲ್ಲಿ ಮಾತಾಡಿ ಅವರ ಸಿಟ್ಟು ಇಳಿಸುವುದು. ಇದಕ್ಕಾಗಿಯೇ ಹುಟ್ಟಿದವನು ಎಂದು ನಮ್ಮ ಟೀಮ್ ಲೀಡರ್ ಹೇಳುತ್ತಾಳೆ. ಹೌದು, ನನಗೆ ಧ್ವನಿಗಳು ಅಂಟಿಕೊಳ್ಳುತ್ತವೆ. ಮಾತು ಬರುವ ಮೊದಲೇ ಸ್ಟೇಷನ್ನಿನ ಅನೌನ್ಸ್‌ಮೆಂಟು ಬರುತ್ತಿತ್ತೆಂದು ಅವ್ವನ ವಾದ. ಸೊಸೈಟಿಯ ಸೆಕ್ರೆಟರಿ, ಹಾಲಿನ ಭಯ್ಯಾ, ಊರಿನ ದೊಡ್ಡಮ್ಮ, ಮಾತಿಗೆ ಮೊದಲು ಅಪ್ಪ ಕೆಮ್ಮುವ ಆ ಸಣ್ಣ ಕೆಮ್ಮು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಊಟದ ಹೊತ್ತಿಗೆ ಅವ್ವ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿಕೊಳ್ಳುತ್ತಾಳೆ. ಅಪ್ಪ ಮಾತ್ರ, "ಆತೇಳು, ಉಣ್ಣು" ಎನ್ನುತ್ತಾನೆ. ಒಮ್ಮೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಎಲ್ಲಾರ ಧ್ವನಿ ಬರ್ತೈತಿ ನಿನಗ. ನಿಂದು ಯಾವುದು?" ಎಂದಿದ್ದ. ನಾನು ಸೆಕ್ರೆಟರಿಯ ಧ್ವನಿಯಲ್ಲಿ, "ಪುಢಚ್ಯಾ ಮೀಟಿಂಗ್‌ಮಧ್ಯೇ ಸಾಂಗತೋ," ಮುಂದಿನ ಮೀಟಿಂಗಿನಲ್ಲಿ ಹೇಳುತ್ತೇನೆ, ಎಂದು ತಪ್ಪಿಸಿಕೊಂಡಿದ್ದೆ.

ನಮ್ಮ ಆಫೀಸಿನ ಕೆಳಗೆ ಗಲ್ಲಿಯಲ್ಲಿ ಹಸ್ಮುಖ್‌ಭಾಯ್ ಅವರ ಕಂಪ್ಯೂಟರ್ ಅಂಗಡಿ. ಹೆಸರು ಹಸ್ಮುಖ್, ಅಂದರೆ ನಗುಮೊಗದವ, ನಕ್ಕದ್ದನ್ನು ಕಂಡವರಿಲ್ಲ. ಬಾಯಿಯ ಒಂದು ಪಕ್ಕ ಯಾವಾಗಲೂ ಅಡಕೆ, ಮಾತು ಮೂಗಿನಿಂದ, ಪ್ರತಿ ವಾಕ್ಯದ ಕೊನೆಗೆ 'ಸಮಝೇ ಕಿ ನಹೀಂ', ತಿಳಿಯಿತೋ ಇಲ್ಲವೋ. ಕೇಳಿದ ಕೂಡಲೇ ನನ್ನ ಗಂಟಲು ಅವರಿಗೆ ಖೋಲಿ ತೆರವು ಮಾಡಿಕೊಟ್ಟಿತು.

ನಾನು ಕಾರ್ಡಿನ ಚೂರನ್ನು ಗಾಜಿನ ಮೇಜಿನ ಮೇಲಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು.

"ಯೇ ಕ್ಯಾ ಹೈ?"

"ನಾಪ್ ಹೈ," ಅಳತೆ, ಎಂದೆ.

"ಭಾಯ್, ಯೇ ಬ್ಲೌಸ್ ಕಾ ದುಕಾನ್ ಹೈ ಕ್ಯಾ?"

ಇದೇನು ಬ್ಲೌಸಿನ ಅಂಗಡಿಯೇ ಎಂದವರು, ಆದರೂ ಪಟ್ಟಿ ಕೊಟ್ಟರು. ಜೊತೆಗೆ ಬುದ್ಧಿಯನ್ನೂ ಕೊಟ್ಟರು. ಬೋರ್ಡಿನ ಫೋಟೋ ಕಳಿಸು, ನಾಳೆ ನೋಡಿ ಹೇಳುತ್ತೇನೆ. ನಾನು ಹೂಂ ಅನ್ನುವವರೆಗೆ ಪಾಕೀಟಿನ ಸೀಲ್ ಒಡೆಯಬೇಡ. ಒಡೆದ ಮೇಲೆ ವಾಪಸ್ ಇಲ್ಲ, ಸಮಝೇ ಕಿ ನಹೀಂ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಆಗ ನಾನು ಕೇಳುತ್ತಿದ್ದದ್ದು ಮಾತನ್ನಲ್ಲ, ಧ್ವನಿಯನ್ನು.

ಸಂಜೆ ಮನೆಗೆ ಬಂದು ಅಪ್ಪನ ಫೋನಿನಿಂದಲೇ ಬೋರ್ಡಿನ ಫೋಟೋ ಕಳಿಸಿದೆ, ನನ್ನ ಫೋನಿನ ಕ್ಯಾಮೆರಾ ಒಡೆದಿತ್ತು. ಊಟಕ್ಕೆ ಕೂತಾಗ ಹಸ್ಮುಖ್‌ಭಾಯ್ ಅವರನ್ನು ಬಡಿಸಿದೆ. "ದೇಖೋ ಭಾಯ್, ಸೀಲ್ ಮತ್ ತೋಡ್ನಾ, ಸಮಝೇ ಕಿ ನಹೀಂ." ಅಕ್ಕ ತಟ್ಟೆ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಅವ್ವ ಇನ್ನೊಮ್ಮೆ ಮಾಡು ಎಂದಳು. ಅಪ್ಪ, "ಆತೇಳು, ಉಣ್ಣು" ಎಂದ.

ಮರುದಿನ ಶನಿವಾರ. ನಾನು ಶಿಫ್ಟಿನಲ್ಲಿದ್ದೆ, ನಮ್ಮಲ್ಲಿ ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಮಧ್ಯಾಹ್ನ ಮನೆಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಅಪ್ಪನ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಎತ್ತಿದರೆ ಮೂಗಿನ ದನಿ: "ದೇಖೋ ಭಾಯ್, ಸೀಲ್ ಮತ್ ತೋಡ್ನಾ."

ಅಪ್ಪ ಏನು ತಿಳಿಯಬೇಕು? ಮಗ ಆಫೀಸಿನ ಫೋನಿನಿಂದ ಕೆಲಸ ಬಿಟ್ಟು ಆಟ ಆಡುತ್ತಿದ್ದಾನೆ.

"ಆತೇಳು. ಉಂಡಿಯೇನು?" ಎಂದ ಅಪ್ಪ.

"ಕ್ಯಾ?"

"ಉಣ್ಣು, ಉಂಡು ಕೆಲಸಾ ನೋಡು, ಮಂಗ್ಯಾನಂಥವನ!" ಎಂದು ಇಟ್ಟುಬಿಟ್ಟ.

ಮತ್ತೆ ರಿಂಗಾಯಿತು. ಈ ಸಲ ಅಕ್ಕ ಎತ್ತಿಕೊಂಡಳು. ಬ್ಯಾಂಕಿಗೆ ರಜೆ, ಒಳ್ಳೆಯ ಮೂಡು. ಆ ಕಡೆಯಿಂದ ಮಾತು ಬರುವ ಮೊದಲೇ ಅವಳೂ ಮೂಗು ಹಿಡಿದುಕೊಂಡು, "ದೇಖೋ ಭಾಯ್, ಫೋನ್ ರಖ್ಖೋ, ಸಮಝೇ ಕಿ ನಹೀಂ?" ಎಂದು ಹಾಡಿದಳು. ಮೂರನೆಯ ಸಲ ಫೋನು ರಿಂಗಾಗಲಿಲ್ಲ. ಪಾಪ, ಹಸ್ಮುಖ್‌ಭಾಯ್ ಅವರಿಗೂ ಮಾನ ಮರ್ಯಾದೆ ಇದೆ.

ಸಂಜೆ ನಾನು ಮನೆಯೊಳಗೆ ಕಾಲಿಡುತ್ತಿದ್ದ ಹಾಗೆ ಅಪ್ಪ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದ. ಮುಖದಲ್ಲಿ ನಗು.

"ಫೋನಿನ್ಯಾಗ ಇವತ್ತ ಛಲೋ ಮಾಡಿದೆಪಾ. ಥೇಟ್ ಅಂವನ. ನಾ ಒಂದ್ ಗಳಿಗಿ ಖರೇ ಅಂದ್ಕೊಂಡಿದ್ದೆ."

ನಾನು ಯಾವ ಫೋನೂ ಮಾಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಒಂದು ಕ್ಷಣ ನನ್ನ ಜಾಗದಲ್ಲಿ ನಿಂತು ನೋಡಿ. ಹುಟ್ಟಿದಾಗಿನಿಂದ 'ಆತೇಳು, ಉಣ್ಣು' ಎಂದಷ್ಟೇ ಕೇಳಿದವನಿಗೆ ಅಪ್ಪ ಬಾಯಿಬಿಟ್ಟು ಛಲೋ ಮಾಡಿದಿ ಎನ್ನುತ್ತಿದ್ದಾನೆ. ಯಾವ ಫೋನು, ಯಾರ ಫೋನು ಎಂದು ಕೇಳಿದರೆ ಆ ಮಾತು ಹಾರಿಹೋಗುತ್ತದೆ. ಆಫೀಸಿನ ಗೆಳೆಯರಿಗೂ ನಾನು ಹಸ್ಮುಖ್‌ಭಾಯ್ ಮಾಡಿ ತೋರಿಸಿದ್ದೆ, ಅವರಲ್ಲೇ ಯಾವನೋ ಕುಚೇಷ್ಟೆ ಮಾಡಿರಬೇಕು ಎಂದುಕೊಂಡು, ತಲೆ ತಗ್ಗಿಸಿ, ದೊಡ್ಡ ಕಲಾವಿದರು ಮಾಡುವಂತೆ, "ಹಂಗೇನಿಲ್ಲಪ್ಪ" ಎಂದೆ.

ಖುಷಿಯಲ್ಲಿದ್ದ ಅಪ್ಪ ಕೇಳಿದ: "ಖರೇ ಹಸ್ಮುಖ್‌ಭಾಯ್ ಏನಂದ್ರು? ಒಗ್ಗತೈತೇನು?"

"ಏನೂ ಅಂದಿಲ್ಲ. ಏನೂ ಅಂದಿಲ್ಲ ಅಂದ್ರ ಹೂಂ ಅಂದಂಗ."

ಸೀಲ್ ಒಡೆದೆ.

ಪಟ್ಟಿ ಎಷ್ಟು ಚೆಂದ ಕೂತಿತು ಗೊತ್ತೇ! ಹಲ್ಲುಗಳು ಸಂದಿನೊಳಗೆ ಸರಕ್ಕನೆ ಇಳಿದವು. ತಿರುಪು ತೂತಿಗೆ ಸರಿಯಾಗಿ ಬಂತು. ಅವ್ವ ಊದುಬತ್ತಿ ಬೆಳಗಿದಳು. ಕಂಪ್ಯೂಟರ್ ಹಚ್ಚಿದೆ. ಬೋರ್ಡಿಗೆ ಅದು ಕಾಣಲೇ ಇಲ್ಲ. ತೆಗೆದು ಹಾಕಿದೆ, ಒರೆಸಿ ಹಾಕಿದೆ. ಪರದೆಯ ಮೇಲೆ ಆ ಜಾಗದಲ್ಲಿ ಏನೂ ಇಲ್ಲ ಎಂದೇ ಬರೆದು ಬರುತ್ತಿತ್ತು. ಆಮೇಲೆ ಕೂತು ಓದಿದಾಗ ತಿಳಿಯಿತು: ಈ ಪಟ್ಟಿಗಳಲ್ಲಿ ಎರಡು ಜಾತಿ. ನೋಡಲು ಅಣ್ಣತಮ್ಮಂದಿರು, ಮಾತು ಮಾತ್ರ ಬೇರೆ. ಒಂದು ಸಾಟಾ ಎಂಬ ಹಳೆಯ ಮಾತಾಡುತ್ತದೆ, ಇನ್ನೊಂದು ಎನ್‌ವಿಎಂಇ ಎಂಬ ಹೊಸದನ್ನು. ಅಪ್ಪನ ಬೋರ್ಡಿನ ಆ ಸಂದಿಗೆ ಹಳೆಯದು ಮಾತ್ರ ತಿಳಿಯುತ್ತದೆ. ನಾನು ತಂದದ್ದು ಹೊಸದು. ಕಾರ್ಡಿನ ಚೂರಿನಿಂದ ಉದ್ದ ಅಳೆಯಬಹುದು, ಮಾತು ಅಳೆಯಲು ಬರುವುದಿಲ್ಲ.

ಆಗಲಿ, ಕಿತ್ತಿಟ್ಟಿದ್ದ ವೈರುಗಳನ್ನು ಮತ್ತೆ ಸಿಕ್ಕಿಸಿ ಹಳೆಯ ಡಿಸ್ಕಿನಿಂದಲೇ ಮೊದಲಿನಂತೆ ಹಚ್ಚೋಣ ಎಂದರೆ, ಅದೂ ಏಳಲಿಲ್ಲ. ಒಂದು ಸಲ ಖಟ್ ಎಂದಿತು. ಪರದೆ ಕರ್‍ರಗೆ ಹಾಗೇ ನಿಂತಿತು.

ಅಪ್ಪ ಎದ್ದು ಬಂದು ಕಂಪ್ಯೂಟರಿನ ತಗಡಿನ ಮೇಲೆ ಅಂಗೈ ಇಟ್ಟ, ಜ್ವರ ನೋಡುವವರ ಹಾಗೆ. ವಾಟ್ಸಾಪ್ ಸಾಕು ಎಂದಿದ್ದ ಅಕ್ಕ ಒಳಗಿನಿಂದ ಬಂದು ನೆಲದ ಮೇಲೆ ಅವನ ಕುರ್ಚಿಯ ಪಕ್ಕ ಕೂತಳು. ಸಣ್ಣವಳಿದ್ದಾಗ ಕೂರುತ್ತಿದ್ದ ಜಾಗ.

"ಅಪ್ಪಾ," ಎಂದಳು. "ಅಕ್ಷರಾ ಹೋದುವೇನು?"

"ಇಲ್ಲವಾ. ಅದರಾಗ ಅದಾವು. ಅದು ಬಾಯಿ ಬಿಡವಲ್ದು, ಅಷ್ಟ."

"ಮತ್ತ ನನ್ನ ಕಾರ್ಡ್?"

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಯಾವುದಾದರೂ ಧ್ವನಿ ಮಾಡಿ ಎಲ್ಲರನ್ನೂ ನಗಿಸೋಣ ಎಂದು ನೋಡಿದೆ. ಬರಲಿಲ್ಲ. ಅವತ್ತು ಗಂಟಲಿನ ಬಾಡಿಗೆದಾರರೆಲ್ಲ ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದರು.

ಭಾನುವಾರ ಬೆಳಿಗ್ಗೆ ಅಪ್ಪ ಕಂಪ್ಯೂಟರಿನ ಡಬ್ಬವನ್ನು ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ. ಬೆನ್ನಿನ ಬೀಗಕ್ಕೆ ಪೆಟ್ಟಾಗಬಾರದೆಂದು ಅಲ್ಲಿಗೊಂದು ಟವೆಲ್ಲು. ನಾನು ಟ್ಯಾಕ್ಸಿ ಎಂದೆ. ಅಪ್ಪನಿಗೆ ನನ್ನ ಮೇಲೂ ಟ್ಯಾಕ್ಸಿಯ ಮೇಲೂ ಒಂದೇ ನಂಬಿಕೆ. ರಸ್ತೆಯ ಗುಂಡಿಗೆ ಡಿಸ್ಕು ಅಲುಗಿದರೆ? ಲೋಕಲ್ ರೈಲೇ ಸರಿ ಎಂದ. ಭಾಂಡುಪಿನಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಮಲಾಡಿನ ಗಾಡಿ. ಡಬ್ಬವನ್ನು ನನ್ನ ಕೈಗೆ ಕೊಡಲಿಲ್ಲ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ಕೂತು, ಅದನ್ನು ತೊಡೆಯ ಮೇಲೆ ತಬ್ಬಿ ಹಿಡಿದ.

ಕಿಟಕಿಯ ಪಕ್ಕದವನು ಸೀರೆಯ ಅಂಚನ್ನು ನೋಡಿ ಒಳಗೇನಿದೆಯೆಂದು ಕೇಳಿದ: "ಅಂಕಲ್, ಅಂದರ್ ಕ್ಯಾ ಹೈ?"

"ಬೇಟೀ ಕೀ ಶಾದೀ ಕಾ ಕಾರ್ಡ್ ಹೈ," ಮಗಳ ಮದುವೆಯ ಕಾರ್ಡು, ಎಂದ ಅಪ್ಪ.

ಆ ಮನುಷ್ಯ ಡಬ್ಬವನ್ನು ನೋಡಿದ, ಅಪ್ಪನನ್ನು ನೋಡಿದ. ಏನು ತಿಳಿಯಿತೋ, ಎದ್ದು ನಿಂತು ಕಿಟಕಿಯ ಸೀಟನ್ನು ಬಿಟ್ಟುಕೊಟ್ಟ. ಈ ಊರಿನಲ್ಲಿ ಹುಟ್ಟಿ ಬೆಳೆದವನಾಗಿ ಹೇಳುತ್ತೇನೆ, ಲೋಕಲ್ಲಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಟ್ಟವನನ್ನು ನಾನು ಮೊದಲ ಸಲ ನೋಡಿದ್ದು.

ಹಸ್ಮುಖ್‌ಭಾಯ್ ನಮ್ಮನ್ನು ಕಂಡವರೇ ಅಡಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. ನಾನು ಪಟ್ಟಿ ತೋರಿಸಿದೆ.

"ಸೀಲ್ ತೋಡ್ ದಿಯಾ," ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಅಂಕಲ್, ವೋ ಫೋನ್‌ವಾಲೇ ಆಪ್ ಹೀ ಹೈಂ? ಮೈ ಬೋಲಾ ಸೀಲ್ ಮತ್ ತೋಡೋ. ಆಪ್ ಬೋಲೇ, ಉಣ್ಣು. ಯೇ ಉಣ್ಣು ಕ್ಯಾ ಹೋತಾ ಹೈ?" ಫೋನಿನಲ್ಲಿ ಮಾತಾಡಿದವರು ನೀವೇನಾ, ಈ ಉಣ್ಣು ಅಂದರೇನು?

ಅಪ್ಪ ನನ್ನ ಕಡೆ ನೋಡಿದ. ನಾನು ಅಂಗಡಿಯ ಫ್ಯಾನಿನ ಕಡೆ ನೋಡಿದೆ.

"ಔರ್ ಫಿರ್," ಹಸ್ಮುಖ್‌ಭಾಯ್ ಅವರ ದೂರು ಇನ್ನೂ ಮುಗಿದಿರಲಿಲ್ಲ, "ಏಕ್ ಲಡ್ಕೀ ನೇ ಮೇರೀ ಹೀ ಆವಾಜ್ ಮೇ ಮೇರೇಕೋ ಡಾಂಟಾ." ನನ್ನದೇ ಧ್ವನಿಯಲ್ಲಿ ಒಬ್ಬ ಹುಡುಗಿ ನನ್ನನ್ನೇ ಬೈದಳು!

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಊಟದ ಹೊತ್ತಿನ ಆಟ, ಕೇಳದೇ ಇಟ್ಟುಕೊಂಡ ಹೊಗಳಿಕೆ, ಎಲ್ಲವನ್ನೂ ಕಕ್ಕಿದೆ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ. ಹಸ್ಮುಖ್‌ಭಾಯ್ ಗಂಭೀರವಾಗಿ ಕೇಳಿದರು. ಕೇಳಿ, ಮೇಜಿನ ಮೇಲೆ ಕೈ ಊರಿ, "ಕರೋ," ಎಂದರು. "ಕರ್‌ಕೇ ದಿಖಾವೋ."

ಯಾರನ್ನಾದರೂ ಅವರ ಮುಂದೆಯೇ ಮಾಡಿ ತೋರಿಸುವುದಕ್ಕಿಂತ ಪರೀಕ್ಷೆಗೆ ಕೂರುವುದು ಮೇಲು. ಆದರೂ ಅಡಕೆ ಇಲ್ಲದ ಬಾಯಿಯನ್ನು ಒಂದು ಕಡೆ ಉಬ್ಬಿಸಿ, "ದೇಖೋ ಭಾಯ್, ಯೇ ಬ್ಲೌಸ್ ಕಾ ದುಕಾನ್ ಹೈ ಕ್ಯಾ, ಸಮಝೇ ಕಿ ನಹೀಂ" ಎಂದೆ.

ಹಸ್ಮುಖ್‌ಭಾಯ್ ನಾನೆಲ್ಲಿ ಹೀಗೆ ಮಾತಾಡುತ್ತೇನೆಂದು ತಲೆ ಅಲ್ಲಾಡಿಸಿದರು. "ದೇಖೋ ಭಾಯ್, ಮೈ ಐಸಾ ಥೋಡೀ ಬೋಲ್ತಾ ಹೂಂ, ಸಮಝೇ ಕಿ ನಹೀಂ."

ಅಪ್ಪ ನಕ್ಕ. ಅಂಥ ನಗುವನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ. ಸೀರೆ ಸುತ್ತಿದ ಡಬ್ಬದ ಮೇಲೆ ಹಣೆ ಇಟ್ಟು, ಭುಜ ಕುಣಿಸುತ್ತ, ಕಣ್ಣೊರೆಸಿಕೊಳ್ಳುತ್ತ ನಕ್ಕ. ನಿನ್ನೆ ಸಂಜೆಯಿಂದ ಒಳಗೆ ಹಿಡಿದಿಟ್ಟಿದ್ದದ್ದೆಲ್ಲ ಅದರಲ್ಲೇ ಹೋಯಿತೆಂದು ಕಾಣುತ್ತದೆ.

ಡಿಸ್ಕು ಸತ್ತಿರಲಿಲ್ಲ. ನಾನು ಗಾಬರಿಯಲ್ಲಿ ಅದರ ಕರೆಂಟಿನ ವೈರನ್ನು ಅರ್ಧ ಮಾತ್ರ ಒತ್ತಿದ್ದೆ. ಆದರೂ ಕೆಮ್ಮು ನಿಜವೇ, ಹೆಚ್ಚು ದಿನ ಬಾಳುವುದಲ್ಲ ಎಂದರು ಹಸ್ಮುಖ್‌ಭಾಯ್. ಈ ಸಲ ಬೋರ್ಡಿನ ನಂಬರು ಓದಿ, ಕಂಪನಿಯ ಪುಟ ನೋಡಿ, ಸಂದಿನ ಗೊಡವೆಯೇ ಬೇಡವೆಂದು, ವೈರಿನಿಂದ ಜೋಡಿಸುವ ಬೇರೊಂದು ಎಸ್‌ಎಸ್‌ಡಿ ತೆಗೆದರು. ತೆಳ್ಳಗೆ, ಜೇಬಿನಲ್ಲಿಡುವ ಡೈರಿಯಂಥದ್ದು. ಹಳೆಯ ಮಾತಾಡುವ ಜಾತಿಯದೇ. ಹಳೆಯ ಡಿಸ್ಕಿನಲ್ಲಿ ಇದ್ದದ್ದೆಲ್ಲ ಅದಕ್ಕೆ ಇಳಿಯಲು ಶುರುವಾಯಿತು. ಪರದೆಯ ಮೇಲಿನ ನೀಲಿ ಗೆರೆ ಅಷ್ಟಷ್ಟೇ ಬೆಳೆಯುತ್ತ ಹೋಗುವುದು, ನಡುವೆ ಡಿಸ್ಕು ಖಟ್ ಎನ್ನುವುದು, ಗೆರೆ ನಿಲ್ಲುವುದು, ಅಪ್ಪನ ಉಸಿರೂ ನಿಲ್ಲುವುದು. ಚಹಾ ಬಂದು ಆರಿತು. ನಾವು ಮೂವರೂ ಒಂದು ಗೆರೆಯನ್ನು ನೋಡುತ್ತ ಕೂತಿದ್ದೆವು, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ.

ಗೆರೆ ತುಂಬಿತು. ಹಸ್ಮುಖ್‌ಭಾಯ್ ಹಳೆಯ ಡಿಸ್ಕಿನ ವೈರು ಕಿತ್ತು ಹೊಸದರ ಮೇಲೆ ಹಚ್ಚಿದರು. ಕಂಪ್ಯೂಟರ್ ಎದ್ದುಬಿಟ್ಟಿತು! ಅಪ್ಪ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಎದ್ದು ಕೂತಿತ್ತು. ಬೆನ್ನಿನ ಬೀಗವೂ ಒಪ್ಪಿತು. ಅಪ್ಪ ಏನೋ ಒತ್ತಿದ. ಬಿಳಿ ಪರದೆಯ ನಡುವೆ ಒಂದೇ ಒಂದು ಅಕ್ಷರ ಮೂಡಿತು. 'ಶ್ವಿ'. ಸುಳಿಯ ತುದಿ ಹೇಗೆ ಬಾಗಬೇಕೋ ಹಾಗೇ ಬಾಗಿತ್ತು.

ಒಗ್ಗದ ಪಟ್ಟಿಯನ್ನು ಹಸ್ಮುಖ್‌ಭಾಯ್ ವಾಪಸ್ ತೆಗೆದುಕೊಳ್ಳಲಿಲ್ಲ. "ಸೀಲ್ ಮತ್ಲಬ್ ಸೀಲ್," ಎಂದರು. ಅದಕ್ಕೇ ಅದು ನನ್ನ ಡ್ರಾಯರಿನಲ್ಲಿದೆ.

ಇಷ್ಟಕ್ಕೆ ಎಲ್ಲ ಸುಖವಾಯಿತೆಂದು ನೀವು ತಿಳಿದಿದ್ದರೆ ನೀವು ನಮ್ಮಪ್ಪನನ್ನು ಕಂಡಿಲ್ಲ. ಕಂಪ್ಯೂಟರಿನ ವೇಗಕ್ಕೆ ಅವನ ಬೆಳಗುಗಳೇ ಅಸ್ತವ್ಯಸ್ತವಾದವು. ಸ್ವಿಚ್ಚು ಒತ್ತಿ ಟವೆಲ್ಲು ಹೆಗಲಿಗೇರಿಸಿ ಬಚ್ಚಲಿಗೆ ಹೊರಟವನು, ಬಾಗಿಲಲ್ಲೇ ಹಿಂದಿರುಗಿ ನೋಡಿದರೆ ಕಂಪ್ಯೂಟರು ತಯಾರಾಗಿ ಕಾಯುತ್ತಿರುತ್ತಿತ್ತು, ಹೇಳದೇ ಬಂದ ಬೀಗರ ಹಾಗೆ. "ಏ, ತಡಿಯೋ ಮಾರಾಯಾ," ಎಂದು ಅದಕ್ಕೆ ಹೇಳಿ ಹೋಗುತ್ತಿದ್ದ.

ಮತ್ತು ಕಾರ್ಡು? ಊರವರ ಕಾರ್ಡನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಮನುಷ್ಯ, ಇದಕ್ಕೆ ಕೂತವನು ಏಳಲೇ ಇಲ್ಲ. ಇವತ್ತು 'ಚಿ. ಕುಂ. ಸೌ. ಅಶ್ವಿನಿ' ಕೂದಲೆಳೆಯಷ್ಟು ಬಲಕ್ಕೆ. ನಾಳೆ ಅದೇ ಕೂದಲೆಳೆಯಷ್ಟು ಎಡಕ್ಕೆ. ಒಂದು ದಿನ ಹೂಬಳ್ಳಿ ಬಂತು, ಮರುದಿನ ಹೂಬಳ್ಳಿ ಹೋಯಿತು. ಮದುವೆಮನೆಯ ಮಕ್ಕಳ ಹೆಸರಿನಲ್ಲಿ ಕೆಳಗೆ ಒಂದು ಸಾಲು ಹಾಕುತ್ತಾರಲ್ಲ, 'ನಮ್ಮ ಅಕ್ಕನ ಮದುವೆಗೆ ತಪ್ಪದೇ ಬನ್ನಿ' ಎಂದು, ಅದು ನನ್ನ ಹೆಸರಿನಲ್ಲಿ ಬರಲೇಬೇಕೆಂದು ನಾನು ಹಟ ಹಿಡಿದಿದ್ದೆ. ಮೀಸೆ ಬಂದವನಿಗೆ ಆ ಸಾಲು ಎಲ್ಲಿ ಕೂರಿಸಬೇಕೆಂಬುದೇ ಒಂದು ದಿನ ಹಿಡಿಯಿತು. ಫೋರ್ಟಿನಿಂದ ಕಾರ್ಡು ಅಚ್ಚು ಹಾಕುವವರು ಫೋನ್ ಮಾಡುತ್ತಿದ್ದರು, ಈಗ ಫೋನು ಬಂದರೆ ಅಪ್ಪ ಮೊದಲು ನಾನು ಮನೆಯಲ್ಲಿದ್ದೇನೆಯೇ ಎಂದು ನೋಡಿ ಎತ್ತುತ್ತಿದ್ದ. "ಇನ್ನೊಂಚೂರು ಐತ್ರಿ," ಎಂದು ಇಡುತ್ತಿದ್ದ. ಊರಿಗೆ ಕಳಿಸುವ ಕಾರ್ಡು ಯಾವಾಗ ಮುಟ್ಟಬೇಕು ಎಂದು ಅವ್ವನ ಗೊಣಗಾಟ. ಬ್ಯಾಂಕಿಗೆ ಹೊರಡುವ ಮುನ್ನ ಅಕ್ಕ ದಿನಾ ಅವನ ಹೆಗಲ ಮೇಲಿಂದ ಬಗ್ಗಿ ತನ್ನ ಹೆಸರನ್ನು ನೋಡಿ ಹೋಗುವಳು. ವಾಟ್ಸಾಪಿನ ಸುದ್ದಿ ಮತ್ತೆ ಎತ್ತಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಹೀಗೇ ನೋಡಿ ಹೋದ ಮೇಲೆ, ಅಪ್ಪ ಮತ್ತೆ ಆ ಹೆಸರನ್ನು ಹಿಡಿದು ಸರಿಸತೊಡಗಿದ. ನನಗೆ ತಡೆಯಲಾಗಲಿಲ್ಲ. ಅವನ ಹಿಂದೆ ನಿಂತು ಸ್ಟೇಷನ್ನಿನ ಹೆಂಗಸಿನ ಧ್ವನಿ ತೆಗೆದೆ: "ಅಶ್ವಿನಿಯ ಲಗ್ನಪತ್ರಿಕೆ ತಡವಾಗಿ ಬರುತ್ತಿದೆ. ಪ್ರಯಾಣಿಕರಿಗೆ ಆಗುತ್ತಿರುವ ಅಡಚಣೆಗೆ ನಾವು ವಿಷಾದಿಸುತ್ತೇವೆ."

ಅಪ್ಪ ನಗಲಿಲ್ಲ. ಉಣ್ಣು ಎಂದೂ ಅನ್ನಲಿಲ್ಲ. ನಾನು ಕುರ್ಚಿಯ ಪಕ್ಕಕ್ಕೆ ಬಂದು, ಯಾರ ಧ್ವನಿಯೂ ಇಲ್ಲದೆ ಕೇಳಿದೆ: "ಅಲ್ಲಪ್ಪಾ, ಇಷ್ಟೆಲ್ಲಾ ಒದ್ದಾಡಿ ಎಸ್‌ಎಸ್‌ಡಿ ಹಾಕ್ಸಿದ್ದು ಯಾಕ? ಎಲ್ಲಾ ಲಗೂ ಆಗ್ಲಿ ಅಂತ ಹೌದಲ್ಲೋ? ಇನ್ನೂ ಯಾಕ ತಡಾ ಮಾಡಾಕತ್ತೀ?"

ಮೌಸಿನ ಮೇಲಿನ ಕೈ ನಿಂತಿತು. ಪರದೆಯಿಂದ ಕಣ್ಣು ತೆಗೆಯದೆ ಅಪ್ಪ ಹೇಳಿದ:

"ಲಗೂ ಆಗಬೇಕಾಗಿದ್ದು ಮಷೀನಪಾ. ಮಗಳ್ನ ಕಳಸೂದಲ್ಲ."